ಚಳಿಗಾಲದಲ್ಲಿ ಕಾರಿನ ಹೊರಮೈ ಸ್ವಚ್ಛತೆ

ಚಳಿಗಾಲದಲ್ಲಿ ಕಾರಿನ ಹೊರಮೈ ಸ್ವಚ್ಛತೆ ಎಂಬುದು ಹಿಮ ಬೀಳುವ ಪ್ರದೇಶಗಳಲ್ಲಿ ಕಾರಿನ ಹೊರಭಾಗ, ಗಾಜು, ದೀಪ, ಚಕ್ರ ಮತ್ತು ಅಡಿಭಾಗಗಳಿಂದ ಉಪ್ಪು, ಕೆಸರು, ಹಿಮ ಹಾಗೂ ಮಂಜುಗಡ್ಡೆಯನ್ನು ತೆಗೆಯುವ ನಿರ್ವಹಣಾ ಕ್ರಮವಾಗಿದೆ. ಉತ್ತರ ಅಮೆರಿಕ, ಉತ್ತರ ಮತ್ತು ಮಧ್ಯ ಯುರೋಪ್ ಹಾಗೂ ಉತ್ತರ ಜಪಾನ್‌ಗಳಲ್ಲಿ ಇದು ವಾಹನ ಪಾಲನೆಯ ಮುಖ್ಯ ಅಂಗವೆಂದು ಪರಿಗಣಿತವಾಗಿದೆ. ಬೇರೆ ಋತುಗಳಲ್ಲಿ ಕಾರನ್ನು ತೊಳೆಯುವುದರ ಉದ್ದೇಶ ಬಹುಮಟ್ಟಿಗೆ ಅಂದಕ್ಕೆ ಸಂಬಂಧಿಸಿದ್ದು. ಚಳಿಗಾಲದಲ್ಲಿ ಮಾತ್ರ ಅದರ ಮುಖ್ಯ ಉದ್ದೇಶ ಲೋಹದ ರಕ್ಷಣೆ ಮತ್ತು ಸಂಚಾರ ಸುರಕ್ಷತೆ. ರಸ್ತೆಯ ಮಂಜುಗಡ್ಡೆಯನ್ನು ಕರಗಿಸಲು ಚೆಲ್ಲುವ ಉಪ್ಪು ಕಾರಿನ ಅಡಿಭಾಗಕ್ಕೆ ಅಂಟಿಕೊಂಡು ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಸುತ್ತದೆ. ಈ ತುಕ್ಕು ಬ್ರೇಕ್ ಕೊಳವೆಗಳವರೆಗೂ ವ್ಯಾಪಿಸಬಲ್ಲದು. ಆದುದರಿಂದ ಕಣ್ಣಿಗೆ ಕಾಣುವ ಬಣ್ಣದ ಮೇಲ್ಮೈಗಿಂತ ಕಣ್ಣಿಗೆ ಬೀಳದ ಅಡಿಭಾಗವನ್ನು ತೊಳೆಯುವುದು ಚಳಿಗಾಲದಲ್ಲಿ ಹೆಚ್ಚು ಮಹತ್ವದ್ದಾಗಿದೆ.

ಹಿನ್ನೆಲೆ

ಮೋಟಾರು ವಾಹನಗಳ ಆರಂಭದ ದಶಕಗಳಲ್ಲಿ ಹಿಮಾವೃತ ರಸ್ತೆಗಳಲ್ಲಿ ಸಂಚಾರಕ್ಕಾಗಿ ಹಿಮವನ್ನು ನೇಗಿಲಿನಂತಹ ಸಾಧನಗಳಿಂದ ಬದಿಗೆ ಸರಿಸಿ, ಮೇಲೆ ಮರಳು ಅಥವಾ ಬೂದಿಯನ್ನು ಹರಡುವುದು ವಾಡಿಕೆಯಾಗಿತ್ತು. ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂ ಹ್ಯಾಂಪ್‌ಶೈರ್ ರಾಜ್ಯವು 1938ರಲ್ಲಿ ರಸ್ತೆಗಳ ಮೇಲೆ ಉಪ್ಪನ್ನು ಪ್ರಾಯೋಗಿಕವಾಗಿ ಬಳಸಿತು. ಎರಡನೆಯ ಮಹಾಯುದ್ಧದ ನಂತರ ಹೆದ್ದಾರಿಗಳ ಜಾಲ ಬೆಳೆದಂತೆ, ಹಿಮ ಬಿದ್ದ ಕೆಲವೇ ಗಂಟೆಗಳಲ್ಲಿ ರಸ್ತೆಯ ಡಾಂಬರು ಕಾಣುವಂತಿರಬೇಕು ಎಂಬ ನಿರೀಕ್ಷೆ ಬಲವಾಯಿತು. ಅದರೊಂದಿಗೆ ಉಪ್ಪಿನ ಬಳಕೆಯೂ ಹಲವು ಪಟ್ಟು ಹೆಚ್ಚಿತು. ಇಂದು ಅಮೆರಿಕ ಒಂದರಲ್ಲೇ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪನ್ನು ರಸ್ತೆಗಳಿಗೆ ಚೆಲ್ಲಲಾಗುತ್ತದೆ ಎಂದು ಅಂದಾಜಿಸಲಾಗಿದೆ. ಆ ದೇಶದ ಈಶಾನ್ಯ ಹಾಗೂ ಮಧ್ಯಪಶ್ಚಿಮ ಭಾಗದ ರಾಜ್ಯಗಳನ್ನು ಈ ಕಾರಣದಿಂದಲೇ ಒಟ್ಟಾಗಿ 'ಸಾಲ್ಟ್ ಬೆಲ್ಟ್' ಎಂದು ಕರೆಯುವುದುಂಟು.

ಉಪ್ಪು ಮಂಜುಗಡ್ಡೆಯನ್ನು ಕರಗಿಸುವುದು ನೀರಿನ ಘನೀಕರಣ ಬಿಂದುವನ್ನು ತಗ್ಗಿಸುವ ಮೂಲಕ. ಶುದ್ಧ ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಸುಮಾರು ಶೇಕಡ 23ರಷ್ಟು ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಕರಗಿರುವ ನೀರು ಮೈನಸ್ 21 ಡಿಗ್ರಿಯವರೆಗೂ ದ್ರವವಾಗಿಯೇ ಉಳಿಯಬಲ್ಲದು. ಆದರೆ ರಸ್ತೆಯ ಮೇಲೆ ಅದರ ಪರಿಣಾಮ ಮೈನಸ್ 9 ಡಿಗ್ರಿಗಿಂತ ಕೆಳಗೆ ಬಹಳ ನಿಧಾನವಾಗುತ್ತದೆ. ಇನ್ನೂ ಹೆಚ್ಚಿನ ಚಳಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಮೆಗ್ನೀಸಿಯಂ ಕ್ಲೋರೈಡ್‌ಗಳನ್ನು ಬಳಸುತ್ತಾರೆ. ಹಿಮ ಬೀಳುವ ಮೊದಲೇ ರಸ್ತೆಗೆ ಉಪ್ಪುನೀರನ್ನು ಸಿಂಪಡಿಸುವ ಪದ್ಧತಿಯೂ ಹಲವೆಡೆ ಇದೆ. ಕೆಲವು ಕಡೆಗಳಲ್ಲಿ ಈ ದ್ರಾವಣಕ್ಕೆ ಸಕ್ಕರೆ ಬೀಟ್‌ನಿಂದ ದೊರೆಯುವ ಕಾಕಂಬಿಯನ್ನು ಬೆರೆಸುತ್ತಾರೆ. ದ್ರವರೂಪದ ಈ ಲವಣಗಳು ಹರಳುಗಳಿಗಿಂತ ಸುಲಭವಾಗಿ ವಾಹನದ ಸಂದುಗೊಂದುಗಳನ್ನು ಹೊಕ್ಕುತ್ತವೆ.

ಚಳಿಗಾಲದ ಕೊಳೆಯ ಘಟಕಗಳು

ಚಳಿಗಾಲದಲ್ಲಿ ಕಾರಿನ ಮೇಲೆ ಕಾಣುವ ಬೂದುಬಣ್ಣದ ಪದರವು ಒಂದೇ ವಸ್ತುವಿನಿಂದ ಆದದ್ದಲ್ಲ. ಅದರಲ್ಲಿ ಮುಖ್ಯವಾಗಿ ಕೆಳಗಿನವು ಸೇರಿರುತ್ತವೆ.

ಲವಣಗಳು: ಸೋಡಿಯಂ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕ್ಲೋರೈಡ್‌ಗಳು. ನೀರು ಆರಿದ ಮೇಲೆ ಇವು ಬಿಳಿಯ ಕಲೆಗಳಾಗಿ ಕಾಣುತ್ತವೆ.

ಮರಳು ಮತ್ತು ಕಲ್ಲಿನ ಚೂರು: ಹಿಡಿತಕ್ಕಾಗಿ ರಸ್ತೆಗೆ ಹರಡುವ ಈ ಕಣಗಳು ಚಕ್ರಗಳಿಂದ ಸಿಡಿದು ಬಣ್ಣದ ಮೇಲೆ ಸಣ್ಣ ಗುಳಿಗಳನ್ನು ಉಂಟುಮಾಡುತ್ತವೆ. ಬಣ್ಣ ಎದ್ದ ಅಂತಹ ಜಾಗಗಳಿಂದಲೇ ತುಕ್ಕು ಆರಂಭವಾಗುವುದು ಸಾಮಾನ್ಯ.

ಡಾಂಬರಿನ ಕಣಗಳು: ನಾರ್ಡಿಕ್ ದೇಶಗಳಲ್ಲಿ ಲೋಹದ ಮೊಳೆಗಳಿರುವ ಚಳಿಗಾಲದ ಟೈರ್‌ಗಳು ರಸ್ತೆಯ ಮೇಲ್ಮೈಯನ್ನು ಸವೆಸುತ್ತವೆ. ಇದರಿಂದೇಳುವ ಡಾಂಬರು ಮಿಶ್ರಿತ ಧೂಳು ಕಾರಿಗೆ ಅಂಟಿಕೊಂಡು, ಸಾಬೂನು ನೀರಿಗೆ ಸುಲಭವಾಗಿ ಬಿಡುವುದಿಲ್ಲ. ಜನರ ಆರೋಗ್ಯದ ಮೇಲೂ ಈ ಧೂಳು ದುಷ್ಪರಿಣಾಮ ಬೀರುವುದರಿಂದ ಸ್ಟಾಕ್‌ಹೋಮ್ ನಗರದ ಹಾರ್ನ್ಸ್‌ಗಾಟನ್ ಬೀದಿಯಲ್ಲಿ 2010ರಿಂದ ಮೊಳೆ ಟೈರ್‌ಗಳನ್ನು ನಿಷೇಧಿಸಲಾಯಿತು. ಜಪಾನ್ ಇಂತಹ ಟೈರ್‌ಗಳ ಧೂಳನ್ನು ತಡೆಯಲು 1990ರಲ್ಲಿ ಕಾನೂನನ್ನು ರೂಪಿಸಿತು.

ಹಿಮ ಮತ್ತು ಕೆಸರುಹಿಮ: ಅರ್ಧ ಕರಗಿದ ಹಿಮವು ಮೇಲಿನ ಎಲ್ಲವನ್ನೂ ಹೊತ್ತು ಚಕ್ರಗಳ ಮೇಲಿನ ಕಮಾನಿನೊಳಗೆ ಗಟ್ಟಿಯಾಗಿ ಕೂರುತ್ತದೆ.

ಉಪ್ಪಿನಿಂದ ತುಕ್ಕು ಹಿಡಿಯುವ ಬಗೆ

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ಇದು ವಿದ್ಯುದ್ರಾಸಾಯನಿಕ ಕ್ರಿಯೆ. ಲೋಹದ ಒಂದು ಭಾಗದಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗಿ ನೀರಿಗೆ ಇಳಿಯುತ್ತವೆ. ಇನ್ನೊಂದು ಭಾಗದಲ್ಲಿ ಆಮ್ಲಜನಕವು ಆ ಎಲೆಕ್ಟ್ರಾನ್‌ಗಳನ್ನು ಸ್ವೀಕರಿಸುತ್ತದೆ. ಈ ಎರಡು ಭಾಗಗಳ ನಡುವೆ ವಿದ್ಯುತ್ ಹರಿಯಲು ದ್ರವದ ಮಾಧ್ಯಮ ಬೇಕಾಗುತ್ತದೆ. ಶುದ್ಧ ನೀರು ವಿದ್ಯುತ್ತಿನ ದುರ್ಬಲ ವಾಹಕ. ಉಪ್ಪು ಕರಗಿದ ನೀರು ಉತ್ತಮ ವಾಹಕ. ಹೀಗೆ ಉಪ್ಪು ತಾನು ಕಬ್ಬಿಣದೊಂದಿಗೆ ನೇರವಾಗಿ ಬೆರೆತು ತುಕ್ಕಾಗುವುದಿಲ್ಲವಾದರೂ ಕ್ರಿಯೆಯ ವೇಗವನ್ನು ಬಹಳ ಹೆಚ್ಚಿಸುತ್ತದೆ. ಇದಲ್ಲದೆ ಕ್ಲೋರೈಡ್ ಅಯಾನುಗಳು ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲ್‌ಗಳ ಮೇಲೆ ಸಹಜವಾಗಿ ಇರುವ ರಕ್ಷಕ ಆಕ್ಸೈಡ್ ಪದರವನ್ನು ಅಲ್ಲಲ್ಲಿ ಭೇದಿಸಿ ಸಣ್ಣ ಕುಳಿಗಳನ್ನು ಕೊರೆಯುತ್ತವೆ. ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಗಳ ಮೇಲೆ ಹೊಳಪಿನ ಲೇಪನದ ಅಡಿಯಲ್ಲಿ ಹುಳು ತಿಂದಂತೆ ಕಾಣುವ ಗೆರೆಗಳಿಗೆ ಇದೇ ಕಾರಣ. ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿರುವ ಜೋಡಣೆಗಳಲ್ಲಿ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಇನ್ನೂ ಬೇಗನೆ ಸವೆಯುತ್ತದೆ.

ಲವಣಗಳು ಗಾಳಿಯ ತೇವವನ್ನು ಹೀರುವ ಗುಣವನ್ನು ಹೊಂದಿವೆ. ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ 75ನ್ನು ಮೀರಿದಾಗ ಸೋಡಿಯಂ ಕ್ಲೋರೈಡ್ ತಾನೇ ನೀರಾಗುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಮತ್ತು ಕ್ಯಾಲ್ಸಿಯಂ ಕ್ಲೋರೈಡ್‌ಗಳಿಗೆ ಶೇಕಡ 30ರ ಆಸುಪಾಸಿನ ಆರ್ದ್ರತೆಯೇ ಸಾಕು. ಆದುದರಿಂದ ಇಂತಹ ಲವಣಗಳು ಅಂಟಿದ ಲೋಹವು ಒಣಗಿದಂತೆ ಕಂಡರೂ ದಿನದ ಬಹುಪಾಲು ತೇವವಾಗಿಯೇ ಇರುತ್ತದೆ. ಮಳೆ ಅಥವಾ ಹಿಮ ನಿಂತ ಮಾತ್ರಕ್ಕೆ ತುಕ್ಕಿನ ಕ್ರಿಯೆ ನಿಲ್ಲದಿರುವುದು ಈ ಕಾರಣದಿಂದ.

ಉಷ್ಣತೆಯೂ ಇಲ್ಲಿ ಮುಖ್ಯ ಪಾತ್ರ ವಹಿಸುತ್ತದೆ. ಬಹುತೇಕ ರಾಸಾಯನಿಕ ಕ್ರಿಯೆಗಳಂತೆ ತುಕ್ಕಿನ ವೇಗವೂ ಉಷ್ಣತೆಯೊಂದಿಗೆ ಏರುತ್ತದೆ. ಕಡುಚಳಿಯಲ್ಲಿ ಹೊರಗೆ ನಿಂತ ಕಾರಿನಲ್ಲಿ ಈ ಕ್ರಿಯೆ ಬಹಳ ಮಂದವಾಗಿರುತ್ತದೆ. ಅದೇ ಕಾರನ್ನು ಉಪ್ಪುಕೆಸರಿನ ಸಮೇತ ಬೆಚ್ಚನೆಯ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಹಿಮ ಕರಗಿ, ಉಪ್ಪುನೀರು ಸಂದುಗಳಿಗೆ ಇಳಿದು, ಕ್ರಿಯೆ ಚುರುಕಾಗುತ್ತದೆ. ಚಳಿಗಾಲ ಮುಗಿದು ವಸಂತ ಬಂದಾಗ ಅಡಿಭಾಗದಲ್ಲಿ ಉಳಿದ ಉಪ್ಪು ಹೆಚ್ಚು ಹಾನಿ ಮಾಡುವುದಕ್ಕೂ ಇದೇ ಕಾರಣವಾಗಿದೆ.

ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಬಣ್ಣದ ಅಡಿಯಲ್ಲಿ ಅದು ಉಬ್ಬಿ ಗುಳ್ಳೆಯಾಗಿ ಏಳುತ್ತದೆ. ಗುಳ್ಳೆ ಒಡೆದಾಗ ಹೊಸ ಲೋಹ ಗಾಳಿಗೆ ಒಡ್ಡಿಕೊಂಡು ತುಕ್ಕು ಮತ್ತಷ್ಟು ಹರಡುತ್ತದೆ. ಹೊರಗೆ ಕಾಸಿನಗಲದ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ಹಾನಿ ಅದಕ್ಕಿಂತ ವಿಸ್ತಾರವಾಗಿರುವುದು ಸಾಮಾನ್ಯ.

ಹೆಚ್ಚು ಅಪಾಯಕ್ಕೆ ಒಳಗಾಗುವ ಭಾಗಗಳು

ಆಧುನಿಕ ಕಾರುಗಳ ಉಕ್ಕಿನ ಹಾಳೆಗೆ ಸತುವಿನ ಲೇಪನ, ಅದರ ಮೇಲೆ ವಿದ್ಯುತ್ ಸಹಾಯದಿಂದ ಕೂರಿಸಿದ ತುಕ್ಕುನಿರೋಧಕ ಪದರ, ಪ್ರೈಮರ್, ಬಣ್ಣ ಮತ್ತು ಪಾರದರ್ಶಕ ಮೇಲ್ಲೇಪನಗಳಿರುತ್ತವೆ. ಬಣ್ಣದ ಈ ಪದರಗಳ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರೋಮೀಟರ್ ಮಾತ್ರ. ಸತುವಿನ ಲೇಪನ 1980ರ ದಶಕದಿಂದ ವ್ಯಾಪಕವಾದ ಮೇಲೆ ಬಾಗಿಲು, ಬಾನೆಟ್ ಮೊದಲಾದ ಹೊರಹಾಳೆಗಳು ಕೆಲವೇ ವರ್ಷಗಳಲ್ಲಿ ತೂತಾಗುವುದು ಬಹಳ ಕಡಿಮೆಯಾಗಿದೆ. ಆದರೆ ಕೆಳಗಿನ ಭಾಗಗಳು ಇಂದಿಗೂ ಅಪಾಯದಿಂದ ಮುಕ್ತವಾಗಿಲ್ಲ.

ಬ್ರೇಕ್ ಮತ್ತು ಇಂಧನ ಕೊಳವೆಗಳು: ಅನೇಕ ಕಾರುಗಳಲ್ಲಿ ಇವು ಲೇಪನವಿರುವ ತೆಳು ಉಕ್ಕಿನ ಕೊಳವೆಗಳಾಗಿದ್ದು, ಕಾರಿನ ಅಡಿಯಲ್ಲಿ ಉದ್ದಕ್ಕೂ ಸಾಗುತ್ತವೆ. ಅವುಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್‌ಗಳ ಹಿಂದೆ ಉಪ್ಪುಕೆಸರು ತಂಗುತ್ತದೆ. ಬ್ರೇಕ್ ಪೆಡಲನ್ನು ಬಲವಾಗಿ ಒತ್ತಿದಾಗ ಕೊಳವೆಯಲ್ಲಿ ಒತ್ತಡ ಏರುವುದರಿಂದ, ತುಕ್ಕಿನಿಂದ ತೆಳುವಾದ ಕೊಳವೆ ತುರ್ತು ಸಂದರ್ಭದಲ್ಲಿಯೇ ಒಡೆಯುವ ಸಾಧ್ಯತೆ ಹೆಚ್ಚು. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 2015ರಲ್ಲಿ ಹಳೆಯ ವಾಹನಗಳ ಬ್ರೇಕ್ ಕೊಳವೆಗಳಿಗೆ ಹಿಡಿಯುವ ತುಕ್ಕಿನ ಬಗ್ಗೆ ಸುರಕ್ಷತಾ ಸೂಚನೆಯನ್ನು ಹೊರಡಿಸಿತು. ಉಪ್ಪು ಬಳಸುವ ರಾಜ್ಯಗಳಲ್ಲಿ ಚಳಿಗಾಲದುದ್ದಕ್ಕೂ ಕಾರಿನ ಅಡಿಭಾಗವನ್ನು ಕ್ರಮವಾಗಿ ತೊಳೆಯುವುದು, ವಸಂತದಲ್ಲಿ ಪೂರ್ಣವಾಗಿ ತೊಳೆಯುವುದು ಮತ್ತು ಕೊಳವೆಗಳನ್ನು ಪರೀಕ್ಷಿಸುವುದು ಅಗತ್ಯವೆಂಬುದು ಅದರ ಸಾರವಾಗಿತ್ತು.

ಬಾಗಿಲಿನ ಕೆಳಅಂಚು ಮತ್ತು ಹೊಸ್ತಿಲು ಪಟ್ಟಿ: ಇವುಗಳ ಒಳಗೆ ಸೇರಿದ ನೀರು ಹೊರಹೋಗಲು ಸಣ್ಣ ರಂಧ್ರಗಳಿರುತ್ತವೆ. ಕೆಸರು ಅಥವಾ ಎಲೆಗಳಿಂದ ರಂಧ್ರ ಮುಚ್ಚಿದರೆ ಉಪ್ಪುನೀರು ಒಳಗೇ ನಿಂತು ಲೋಹವನ್ನು ಒಳಗಿನಿಂದ ತಿನ್ನುತ್ತದೆ.

ಚಕ್ರದ ಕಮಾನಿನ ಒಳಅಂಚು: ಹಾಳೆಗಳು ಮಡಚಿ ಸೇರುವ ಈ ಜಾಗದಲ್ಲಿ ಒದ್ದೆ ಮಣ್ಣು ತಿಂಗಳುಗಟ್ಟಲೆ ಉಳಿಯಬಲ್ಲದು.

ಸಸ್ಪೆನ್ಷನ್, ಸ್ಪ್ರಿಂಗ್ ಮತ್ತು ಸೈಲೆನ್ಸರ್: ಕಲ್ಲು ಸಿಡಿದು ಲೇಪನ ಕಿತ್ತ ಸ್ಪ್ರಿಂಗ್‌ಗಳು ತುಕ್ಕಿನಿಂದ ದುರ್ಬಲವಾಗಿ ಮುರಿಯುವುದುಂಟು. ಸೈಲೆನ್ಸರ್ ಕೊಳವೆಯು ಪದೇಪದೇ ಬಿಸಿಯಾಗಿ ತಣಿಯುವುದರಿಂದ ಅಲ್ಲಿ ತುಕ್ಕು ಬೇಗ ಬೆಳೆಯುತ್ತದೆ.

ತೊಳೆಯುವ ಕಾಲ

ಚಳಿಗಾಲದಲ್ಲಿ ಕಾರನ್ನು ಯಾವಾಗ ತೊಳೆಯಬೇಕೆಂಬುದನ್ನು ಪಂಚಾಂಗಕ್ಕಿಂತ ಹವಾಮಾನವೇ ನಿರ್ಧರಿಸುತ್ತದೆ. ರಸ್ತೆಗಳಿಗೆ ಉಪ್ಪು ಚೆಲ್ಲುತ್ತಿರುವ ಅವಧಿಯಲ್ಲಿ ಸಾಮಾನ್ಯವಾಗಿ 10ರಿಂದ 15 ದಿನಗಳಿಗೊಮ್ಮೆ ತೊಳೆಯುವುದನ್ನು ಸೂಕ್ತವೆಂದು ಪರಿಗಣಿಸಲಾಗುತ್ತದೆ. ದೊಡ್ಡ ಹಿಮಪಾತದ ನಂತರ ರಸ್ತೆಗಳು ಒಣಗಿ, ಮುಂದಿನ ಕೆಲವು ದಿನ ಹಿಮದ ಮುನ್ಸೂಚನೆ ಇಲ್ಲದಿದ್ದಾಗ ತೊಳೆದರೆ ಹೆಚ್ಚು ಪ್ರಯೋಜನವಿದೆ. ರಸ್ತೆಯಲ್ಲಿ ಇನ್ನೂ ಉಪ್ಪುಕೆಸರು ಹರಿಯುತ್ತಿರುವಾಗ ತೊಳೆದ ಕಾರು ಮನೆ ತಲಪುವಷ್ಟರಲ್ಲಿ ಮತ್ತೆ ಮೊದಲಿನಂತಾಗುತ್ತದೆ.

ಗಾಳಿಯ ಉಷ್ಣತೆ 0 ಡಿಗ್ರಿಗಿಂತ ಮೇಲಿರುವುದು, ಸಾಧ್ಯವಾದರೆ 4 ಅಥವಾ 5 ಡಿಗ್ರಿ ಇರುವುದು ಅನುಕೂಲಕರ. ಮಧ್ಯಾಹ್ನದ ಹೊತ್ತಿಗೆ ತೊಳೆದರೆ ರಾತ್ರಿಯ ಚಳಿಗೆ ಮುನ್ನ ನೀರು ಆರಲು ಸಮಯ ಸಿಗುತ್ತದೆ. ಉಷ್ಣತೆ ಘನೀಕರಣ ಬಿಂದುವಿಗಿಂತ ಕೆಳಗಿರುವಾಗ ಮನೆಯಂಗಳದಲ್ಲಿ ತೊಳೆದರೆ ಬಾಗಿಲಿನ ರಬ್ಬರ್ ಪಟ್ಟಿ, ಬೀಗ, ಹಿಡಿಕೆ ಮತ್ತು ಇಂಧನ ಟ್ಯಾಂಕಿನ ಮುಚ್ಚಳಗಳು ಹೆಪ್ಪುಗಟ್ಟುತ್ತವೆ. ನೆಲದ ಮೇಲೆ ಹರಿದ ನೀರು ಮಂಜುಗಡ್ಡೆಯಾಗಿ ನಡೆಯುವವರು ಜಾರಿಬೀಳುವ ಅಪಾಯವೂ ಇದೆ. ಅಂತಹ ದಿನಗಳಲ್ಲಿ ಮುಚ್ಚಿದ, ಬೆಚ್ಚಗಿನ ಹಾಗೂ ಗಾಳಿಯಿಂದ ಒಣಗಿಸುವ ವ್ಯವಸ್ಥೆಯಿರುವ ತೊಳೆಯುವ ಕೇಂದ್ರಗಳು ಸುರಕ್ಷಿತ. ಚಳಿ ತೀವ್ರವಾಗಿದ್ದು ಯಾವ ಅನುಕೂಲವೂ ಇಲ್ಲದಿದ್ದರೆ ಕಾಯುವುದರಿಂದ ಹೆಚ್ಚಿನ ಹಾನಿಯಿಲ್ಲ. ಕಡುಚಳಿಯಲ್ಲಿ ತುಕ್ಕು ನಿಧಾನವಾಗಿರುತ್ತದೆ. ಉಷ್ಣತೆ ಏರಿದ ಮೊದಲ ದಿನವೇ ತೊಳೆಯುವುದು ಮುಖ್ಯ.

ತೊಳೆಯುವ ವಿಧಾನ

ಅಡಿಭಾಗ: ಚಕ್ರದ ಕಮಾನು, ಹೊಸ್ತಿಲು ಪಟ್ಟಿ ಮತ್ತು ಚಾಸಿಯ ಭಾಗಗಳಿಗೆ ಕೆಳಗಿನಿಂದ ನೀರನ್ನು ಚಿಮ್ಮಿಸಿ ಉಪ್ಪನ್ನು ಕರಗಿಸಬೇಕು. ಉಪ್ಪು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಇಲ್ಲಿ ಒತ್ತಡಕ್ಕಿಂತ ನೀರಿನ ಪ್ರಮಾಣ ಮತ್ತು ಸಮಯ ಮುಖ್ಯ. ಯಾಂತ್ರಿಕ ಕೇಂದ್ರಗಳಲ್ಲಿ ಅಡಿಭಾಗ ತೊಳೆಯುವ ಪ್ರತ್ಯೇಕ ಆಯ್ಕೆ ಇರುತ್ತದೆ. ಮನೆಯಲ್ಲಾದರೆ ನೆಲದ ಮೇಲಿಟ್ಟು ಬಳಸುವ ಹುಲ್ಲುಹಾಸಿನ ನೀರುಚಿಮ್ಮುಕವೂ ಈ ಕೆಲಸಕ್ಕೆ ಸಾಕಾಗುತ್ತದೆ. ಅಲ್ಪ ನೀರಿನಿಂದ ಅರ್ಧಂಬರ್ಧ ತೊಳೆದರೆ ಒಣಗಿದ ಉಪ್ಪು ಮತ್ತೆ ದ್ರವವಾಗಿ ಸಂದುಗಳಲ್ಲೇ ಉಳಿಯುತ್ತದೆ. ಹೊರಬೀಳುವ ನೀರು ತಿಳಿಯಾಗುವವರೆಗೆ ತೊಳೆಯುವುದು ಸರಿಯಾದ ಕ್ರಮ.

ಮೊದಲ ತೊಳೆತ: ಬಣ್ಣದ ಮೇಲ್ಮೈಗೆ ಸ್ಪಂಜು ಅಥವಾ ಬಟ್ಟೆ ತಾಗಿಸುವ ಮೊದಲು ಬರಿಯ ನೀರಿನಿಂದ ಮರಳು ಮತ್ತು ಉಪ್ಪಿನ ಹರಳುಗಳನ್ನು ಕೊಚ್ಚಿಹಾಕಬೇಕು. ಹಾಗೆ ಮಾಡದೆ ಉಜ್ಜಿದರೆ ಈ ಕಣಗಳೇ ಬಣ್ಣದ ಮೇಲೆ ಸೂಕ್ಷ್ಮ ಗೀರುಗಳನ್ನು ಎಳೆಯುತ್ತವೆ. ಪ್ರೆಷರ್ ವಾಷರ್ ಬಳಸುವಾಗ ಅದರ ಮೂತಿಯನ್ನು ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಹಿಡಿಯಬೇಕು. ಟೈರಿನ ಬದಿ, ರೇಡಿಯೇಟರ್, ರಬ್ಬರ್ ಪಟ್ಟಿ ಮತ್ತು ಸಂವೇದಕಗಳ ಮೇಲೆ ಅತಿ ಸಮೀಪದಿಂದ ನೀರು ಹಾಯಿಸಬಾರದು.

ಸಾಬೂನು: ಕಾರಿಗಾಗಿಯೇ ತಯಾರಾದ ಶಾಂಪೂವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಬೆರೆಸಬೇಕು. ಪಾತ್ರೆ ತೊಳೆಯುವ ದ್ರವವು ಬಣ್ಣದ ಮೇಲಿನ ಮೇಣವನ್ನು ತೆಗೆದುಹಾಕುತ್ತದೆ. ಎರಡು ಬಕೆಟ್‌ಗಳ ವಿಧಾನ ಹೆಚ್ಚು ಪ್ರಚಲಿತವಾಗಿದೆ: ಒಂದರಲ್ಲಿ ಸಾಬೂನು ನೀರು, ಇನ್ನೊಂದರಲ್ಲಿ ಸ್ಪಂಜನ್ನು ಜಾಲಿಸಲು ಬರಿಯ ನೀರು. ಮೇಲ್ಛಾವಣಿಯಿಂದ ಆರಂಭಿಸಿ ಕೆಳಕ್ಕೆ ಬರಬೇಕು. ಚಕ್ರಗಳಿಗೆ ಬೇರೆಯೇ ಸ್ಪಂಜು ಅಥವಾ ಬ್ರಷ್ ಇರಬೇಕು. ಡಾಂಬರಿನ ಕಲೆಗಳಿಗೆ ಮಾತ್ರ ಅದಕ್ಕೆಂದೇ ಇರುವ ದ್ರಾವಕವನ್ನು ಬಳಸಿ ಕೂಡಲೇ ತೊಳೆದುಬಿಡಬೇಕು.

ಒಣಗಿಸುವಿಕೆ: ಬೇಸಿಗೆಯಲ್ಲಿ ಬಿಸಿಲು ಮಾಡುವ ಕೆಲಸವನ್ನು ಚಳಿಗಾಲದಲ್ಲಿ ಕೈಯಿಂದಲೇ ಮಾಡಬೇಕಾಗುತ್ತದೆ. ಮೈಕ್ರೋಫೈಬರ್ ಬಟ್ಟೆಯಿಂದ ಹೊರಮೈಯನ್ನು ಒರೆಸಿ, ಬಾಗಿಲು, ಡಿಕ್ಕಿ ಮತ್ತು ಬಾನೆಟ್‌ಗಳನ್ನು ತೆರೆದು ಅವುಗಳ ಅಂಚು ಹಾಗೂ ರಬ್ಬರ್ ಪಟ್ಟಿಗಳನ್ನು ಒಣಗಿಸಬೇಕು. ನಂತರ ರಬ್ಬರಿಗೆ ಸಿಲಿಕೋನ್ ಅಥವಾ ಗ್ಲಿಸರಿನ್ ಆಧಾರಿತ ಲೇಪನ ಹಚ್ಚಿದರೆ ಬಾಗಿಲು ಅಂಟಿಕೊಳ್ಳುವುದಿಲ್ಲ. ಕೊನೆಗೆ ಸ್ವಲ್ಪ ದೂರ ನಿಧಾನವಾಗಿ ಓಡಿಸಿ ಬ್ರೇಕನ್ನು ಕೆಲವು ಬಾರಿ ಮೆದುವಾಗಿ ಒತ್ತಿದರೆ ಡಿಸ್ಕ್‌ಗಳ ಮೇಲಿನ ನೀರು ಆರುತ್ತದೆ.

ವಿದ್ಯುತ್ ಕಾರುಗಳ ಬ್ಯಾಟರಿ ಕವಚವು ನೀರು ನುಗ್ಗದಂತೆ ಮುಚ್ಚಿರುವುದರಿಂದ ಅವುಗಳ ಅಡಿಭಾಗವನ್ನೂ ತೊಳೆಯಬಹುದು. ತೊಳೆಯುವ ಮುನ್ನ ಚಾರ್ಜಿಂಗ್ ಕಿಂಡಿಯ ಮುಚ್ಚಳ ಭದ್ರವಾಗಿದೆಯೇ ಎಂದು ನೋಡಿ, ತೊಳೆದ ಮೇಲೆ ಅದರ ಅಂಚನ್ನು ಒಣಗಿಸುವುದು ಒಳ್ಳೆಯದು.

ಹಿಮ, ಗಾಜು, ದೀಪ ಮತ್ತು ಸಂವೇದಕಗಳು

ಪ್ರಯಾಣಕ್ಕೆ ಮುನ್ನ ಹಿಮವನ್ನು ತೆಗೆಯುವುದು ಹೊರಮೈ ಸ್ವಚ್ಛತೆಯ ದೈನಂದಿನ ಭಾಗ. ಮೇಲ್ಛಾವಣಿಯ ಮೇಲೆ ಉಳಿದ ಹಿಮವು ಬ್ರೇಕ್ ಹಾಕಿದಾಗ ಜಾರಿ ಮುಂಗಾಜನ್ನು ಮುಚ್ಚಬಹುದು. ವೇಗವಾಗಿ ಸಾಗುವಾಗ ಹಲಗೆಯಂತೆ ಎದ್ದು ಹಿಂದಿನ ವಾಹನಕ್ಕೆ ಬಡಿಯಲೂಬಹುದು. ಬ್ರಿಟನ್ನಿನ ಹೆದ್ದಾರಿ ನಿಯಮಾವಳಿಯ 229ನೆಯ ನಿಯಮವು ಎಲ್ಲ ಗಾಜುಗಳಿಂದ ಹಿಮ ಮತ್ತು ಮಂಜುಗಡ್ಡೆಯನ್ನು ತೆಗೆಯಬೇಕು, ದೀಪಗಳು ಸ್ವಚ್ಛವಾಗಿರಬೇಕು, ನಂಬರ್ ಪ್ಲೇಟ್ ಓದುವಂತಿರಬೇಕು ಮತ್ತು ಇತರರ ದಾರಿಗೆ ಬೀಳಬಹುದಾದ ಹಿಮವನ್ನು ತೆಗೆದಿರಬೇಕು ಎನ್ನುತ್ತದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿಯೂ ಇಂತಹ ಕಾನೂನುಗಳಿವೆ.

ಹಿಮ ತೆಗೆಯಲು ಮೃದುವಾದ ಬ್ರಷ್ ಅಥವಾ ಫೋಮ್ ತಲೆಯ ಸಾಧನ ಬೇಕು. ಮನೆಯ ಪೊರಕೆ ಅಥವಾ ಸಲಿಕೆಯಿಂದ ಬಣ್ಣ ಗೀಚಿಹೋಗುತ್ತದೆ. ಗಾಜಿನ ಮಂಜುಗಡ್ಡೆಗೆ ಪ್ಲಾಸ್ಟಿಕ್ ಕೆರೆಯುವ ಸಾಧನ ಸೂಕ್ತ. ಅದನ್ನು ಬಣ್ಣದ ಮೇಲೆ ಬಳಸಬಾರದು. ಹೆಪ್ಪುಗಟ್ಟಿದ ಗಾಜಿಗೆ ಬಿಸಿನೀರು ಸುರಿದರೆ ಉಷ್ಣತೆಯ ಹಠಾತ್ ವ್ಯತ್ಯಾಸದಿಂದ ಗಾಜು ಬಿರುಕು ಬಿಡಬಹುದು. ಎಂಜಿನ್ ಚಾಲೂ ಮಾಡುವ ಮೊದಲು ಸೈಲೆನ್ಸರ್ ಕೊಳವೆಯ ಬಾಯಿಯನ್ನು ಮುಚ್ಚಿರುವ ಹಿಮವನ್ನು ತೆಗೆಯುವುದು ಅತ್ಯಗತ್ಯ. ಇಲ್ಲವಾದರೆ ಬಣ್ಣ, ವಾಸನೆಗಳಿಲ್ಲದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ಸೇರಿ ಪ್ರಾಣಾಪಾಯ ಉಂಟಾಗಬಹುದು.

ಗಾಜಿಗೆ ಚಿಮ್ಮುವ ದ್ರವವು ಚಳಿಗೆ ಹೆಪ್ಪುಗಟ್ಟದಂತೆ ಅದರಲ್ಲಿ ಮದ್ಯಸಾರ ಬೆರೆತಿರುತ್ತದೆ. ಮೆಥನಾಲ್ ಬೆರೆತ ದ್ರವವು ವಿಷಕಾರಿ. ಯುರೋಪಿಯನ್ ಒಕ್ಕೂಟವು ಸಾರ್ವಜನಿಕರಿಗೆ ಮಾರುವ ಇಂತಹ ದ್ರವಗಳಲ್ಲಿ ಮೆಥನಾಲ್ ಪ್ರಮಾಣವನ್ನು ನಿರ್ಬಂಧಿಸಿದೆ. ಈ ದ್ರವವನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಹಳೆಯ ಹ್ಯಾಲೋಜನ್ ದೀಪಗಳ ಶಾಖಕ್ಕೆ ಮುಂದಿನ ಗಾಜಿನ ಮೇಲಿನ ಹಿಮ ಸ್ವಲ್ಪಮಟ್ಟಿಗೆ ಕರಗುತ್ತಿತ್ತು. ಎಲ್‌ಇಡಿ ದೀಪಗಳು ಮುಂಭಾಗಕ್ಕೆ ಅಷ್ಟು ಶಾಖ ಬೀರದ ಕಾರಣ ಅವುಗಳ ಮೇಲೆ ಹಿಮ ಉಳಿಯುತ್ತದೆ. ಹಾಗೆಯೇ ಇಂದಿನ ಕಾರುಗಳಲ್ಲಿ ಘರ್ಷಣೆ ತಡೆಯುವ, ಪಥ ಕಾಯ್ದುಕೊಳ್ಳುವ ವ್ಯವಸ್ಥೆಗಳು ಕ್ಯಾಮೆರಾ ಮತ್ತು ರೇಡಾರ್‌ಗಳನ್ನು ಅವಲಂಬಿಸಿವೆ. ಬಂಪರಿನ ಮೇಲೆ ಕೆಸರುಹಿಮ ಕುಳಿತರೆ ಅವು ಕೆಲಸ ನಿಲ್ಲಿಸಬಹುದು. ದೂರದ ಪ್ರಯಾಣದಲ್ಲಿ ನಿಂತಾಗಲೆಲ್ಲ ದೀಪ ಹಾಗೂ ಸಂವೇದಕಗಳನ್ನು ಒರೆಸುವುದು ಈ ಕಾರಣದಿಂದ ಅಗತ್ಯವಾಗಿದೆ.

ಚಳಿಗಾಲಕ್ಕೆ ಮುನ್ನ ಸಿದ್ಧತೆ

ಹಿಮಕ್ಕೆ ಮುಂಚಿನ ಶರತ್ಕಾಲದಲ್ಲಿ ಕಾರನ್ನು ಪೂರ್ಣವಾಗಿ ತೊಳೆದು ಒಣಗಿಸಿ ಮೇಣ ಅಥವಾ ಪಾಲಿಮರ್ ಲೇಪನ ಹಚ್ಚುವ ರೂಢಿಯಿದೆ. ಇದರಿಂದ ನೀರು ಹನಿಗಟ್ಟಿ ಜಾರುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ. ಕಾರ್ನೌಬಾ ಮೇಣಕ್ಕಿಂತ ಪಾಲಿಮರ್ ಲೇಪನವೂ, ಅದಕ್ಕಿಂತ ಸೆರಾಮಿಕ್ ಲೇಪನವೂ ಹೆಚ್ಚು ಕಾಲ ಬಾಳುತ್ತವೆ. ಕಲ್ಲು ಸಿಡಿದು ಬಣ್ಣ ಎದ್ದ ಜಾಗಗಳನ್ನು ಸ್ವಚ್ಛಗೊಳಿಸಿ ಅದೇ ಬಣ್ಣದ ತೇಪೆ ಹಾಕುವುದು, ಮುಂಗಾಜಿನ ಬುಡದಲ್ಲಿ ಸೇರಿದ ಎಲೆಗಳನ್ನು ತೆಗೆಯುವುದು ಮತ್ತು ಬಾಗಿಲಿನ ನೀರುರಂಧ್ರಗಳನ್ನು ಬಿಡಿಸುವುದು ಈ ಹಂತದ ಇತರ ಕೆಲಸಗಳು.

ಬಣ್ಣದ ಲೇಪನಗಳು ಅಡಿಭಾಗವನ್ನು ರಕ್ಷಿಸುವುದಿಲ್ಲ. ಅದಕ್ಕಾಗಿ ಎಣ್ಣೆ, ಮೇಣ ಅಥವಾ ಕುರಿಯ ಉಣ್ಣೆಯಿಂದ ದೊರೆಯುವ ಲ್ಯಾನೋಲಿನ್ ಆಧಾರಿತ ಲೇಪನಗಳನ್ನು ಸಿಂಪಡಿಸುತ್ತಾರೆ. ಕೆನಡಾದಲ್ಲಿ ಪ್ರತಿವರ್ಷ ಎಣ್ಣೆಯ ಲೇಪನ ಮಾಡಿಸುವ ರೂಢಿ ವ್ಯಾಪಕವಾಗಿದೆ. ಗಟ್ಟಿಯಾದ ರಬ್ಬರ್ ಮಾದರಿಯ ಲೇಪನವು ಬಿರುಕು ಬಿಟ್ಟರೆ ಅದರ ಹಿಂದೆ ನೀರು ಸೇರಿ, ಕಣ್ಣಿಗೆ ಕಾಣದಂತೆ ತುಕ್ಕು ಬೆಳೆಯುವ ಸಾಧ್ಯತೆಯಿದೆ. ಆದುದರಿಂದ ಅಂತಹ ಲೇಪನವನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕಾಗುತ್ತದೆ.

ಪರಿಸರ

ಕಾರಿನಿಂದ ತೊಳೆದ ನೀರಿನಲ್ಲಿ ಉಪ್ಪಲ್ಲದೆ ಎಣ್ಣೆ, ಬ್ರೇಕ್ ಪುಡಿ, ಟೈರಿನ ಕಣ ಮತ್ತು ಸಾಬೂನುಗಳಿರುತ್ತವೆ. ಬೀದಿಯಲ್ಲಿ ತೊಳೆದರೆ ಈ ನೀರು ಅನೇಕ ನಗರಗಳಲ್ಲಿ ಶುದ್ಧೀಕರಣವಿಲ್ಲದೆ ಮಳೆನೀರಿನ ಚರಂಡಿಯ ಮೂಲಕ ಹೊಳೆ, ಕೆರೆಗಳನ್ನು ಸೇರುತ್ತದೆ. ಜರ್ಮನಿಯ ಅನೇಕ ಸ್ಥಳೀಯ ಆಡಳಿತಗಳು ಬೀದಿಯಲ್ಲಿ ಅಥವಾ ಬರಿನೆಲದ ಮೇಲೆ ಕಾರು ತೊಳೆಯುವುದನ್ನು ನಿಷೇಧಿಸಿವೆ ಇಲ್ಲವೇ ನಿರ್ಬಂಧಿಸಿವೆ. ಸ್ವೀಡನ್ನಿನಲ್ಲಿಯೂ ಬೀದಿಯಲ್ಲಿ ತೊಳೆಯದಂತೆ ಜನರಿಗೆ ಸಲಹೆ ನೀಡಲಾಗುತ್ತದೆ. ವಾಣಿಜ್ಯ ಕೇಂದ್ರಗಳಲ್ಲಿ ಎಣ್ಣೆ ಬೇರ್ಪಡಿಸುವ ತೊಟ್ಟಿಗಳಿರುತ್ತವೆ. ಹಲವು ಕೇಂದ್ರಗಳು ನೀರನ್ನು ಶೋಧಿಸಿ ಮರುಬಳಕೆ ಮಾಡುತ್ತವೆ. ಮರುಬಳಕೆಯ ನೀರಿನಲ್ಲಿ ಉಪ್ಪು ಉಳಿದಿರಬಹುದಾದ ಕಾರಣ ಕೊನೆಯ ತೊಳೆತಕ್ಕೆ ಶುದ್ಧ ನೀರನ್ನು ಬಳಸುವ ಕೇಂದ್ರಗಳು ಉತ್ತಮ.

ಕ್ಲೋರೈಡ್ ಕೊಳೆತು ನಾಶವಾಗುವ ವಸ್ತುವಲ್ಲ. ಸಾಮಾನ್ಯ ಶುದ್ಧೀಕರಣ ಘಟಕಗಳೂ ಅದನ್ನು ಬೇರ್ಪಡಿಸುವುದಿಲ್ಲ. ರಸ್ತೆಗೆ ಚೆಲ್ಲಿದ ಉಪ್ಪು ಕೊನೆಗೆ ಸಿಹಿನೀರಿನ ಮೂಲಗಳನ್ನು ಸೇರಿ ಜಲಚರಗಳಿಗೆ ತೊಂದರೆ ಕೊಡುತ್ತದೆ. ಆದುದರಿಂದ ಅಗತ್ಯವಿದ್ದಷ್ಟೇ ಉಪ್ಪು ಬಳಸುವ ಪದ್ಧತಿಗಳ ಕಡೆಗೆ ಅನೇಕ ನಗರಗಳು ಒಲವು ತೋರುತ್ತಿವೆ.

ಸಾಮಾನ್ಯ ತಪ್ಪು ಕಲ್ಪನೆಗಳು

ಮತ್ತೆ ಕೊಳೆಯಾಗುವುದರಿಂದ ಚಳಿಗಾಲದಲ್ಲಿ ತೊಳೆಯುವುದು ವ್ಯರ್ಥ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ತುಕ್ಕಿನ ಪ್ರಮಾಣವು ಉಪ್ಪು ಲೋಹದ ಮೇಲೆ ಉಳಿಯುವ ಒಟ್ಟು ಅವಧಿಯನ್ನು ಅವಲಂಬಿಸಿರುವುದರಿಂದ, ಮಧ್ಯೆ ಮಧ್ಯೆ ತೊಳೆಯುವುದು ಆ ಅವಧಿಯನ್ನು ಕಡಿಮೆ ಮಾಡುತ್ತದೆ. ಸತುವಿನ ಲೇಪನವಿರುವ ಕಾರಿಗೆ ತುಕ್ಕು ಹಿಡಿಯುವುದೇ ಇಲ್ಲ ಎಂಬುದೂ ಸರಿಯಲ್ಲ. ಸತುವು ಕಬ್ಬಿಣಕ್ಕಿಂತ ಮೊದಲು ತಾನು ಸವೆದು ಅದನ್ನು ಕಾಯುತ್ತದೆ. ಸತು ಮುಗಿದ ಮೇಲೆ ಕಬ್ಬಿಣದ ಸರದಿ ಬರುತ್ತದೆ. ಮಳೆಯೇ ಕಾರನ್ನು ತೊಳೆಯುತ್ತದೆ ಎಂಬ ನಂಬಿಕೆ ಮೇಲ್ಮೈಗೆ ಸ್ವಲ್ಪಮಟ್ಟಿಗೆ ಅನ್ವಯಿಸಿದರೂ ಮಳೆನೀರು ಅಡಿಭಾಗದ ಸಂದುಗಳನ್ನು ತಲಪುವುದಿಲ್ಲ.

ಭಾರತದಲ್ಲಿ

ಭಾರತದ ಬಹುಭಾಗದಲ್ಲಿ ಚಳಿಗಾಲದ ರಸ್ತೆಗಳಿಗೆ ಉಪ್ಪು ಚೆಲ್ಲುವ ಅಗತ್ಯವಿಲ್ಲ. ಹಿಮ ಬೀಳುವ ಹಿಮಾಚಲ ಪ್ರದೇಶ, ಕಾಶ್ಮೀರ ಮತ್ತು ಲಡಾಖ್‌ಗಳಲ್ಲಿ ಪ್ರವಾಸ ಮಾಡುವವರಿಗೆ ಗಾಜು, ದೀಪ ಮತ್ತು ಸೈಲೆನ್ಸರ್ ಕುರಿತ ಮೇಲಿನ ಎಚ್ಚರಿಕೆಗಳು ಅನ್ವಯಿಸುತ್ತವೆ. ಕರ್ನಾಟಕದ ಒಳನಾಡಿನಲ್ಲಿ ಚಳಿಗಾಲದ ಮುಖ್ಯ ಸಮಸ್ಯೆ ರಾತ್ರಿಯ ಇಬ್ಬನಿ ಮತ್ತು ಹಗಲಿನ ಧೂಳು. ಇಬ್ಬನಿಯಿಂದ ಅಂಟಿದ ಧೂಳನ್ನು ಒಣಬಟ್ಟೆಯಿಂದ ಒರೆಸಿದರೆ ಬಣ್ಣದ ಮೇಲೆ ಗೀರುಗಳು ಬೀಳುತ್ತವೆ. ಮೊದಲು ನೀರು ಹಾಯಿಸುವುದು ಇಲ್ಲಿಯೂ ಸರಿಯಾದ ಕ್ರಮ.

ಕ್ಲೋರೈಡಿನಿಂದ ಲೋಹ ಕೆಡುವ ಕ್ರಿಯೆ ಕರಾವಳಿಗೆ ಅಪರಿಚಿತವಲ್ಲ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಸಮುದ್ರದ ಗಾಳಿಯೊಂದಿಗೆ ಬರುವ ಉಪ್ಪಿನ ಕಣಗಳು ಹೆಚ್ಚಿನ ಆರ್ದ್ರತೆಯ ಜೊತೆ ಸೇರಿ, ಶೀತದೇಶಗಳ ರಸ್ತೆಯ ಉಪ್ಪು ಮಾಡುವ ಕೆಲಸವನ್ನೇ ವರ್ಷವಿಡೀ ಮಾಡುತ್ತವೆ. ಅಡಿಭಾಗವನ್ನು ಸಿಹಿನೀರಿನಿಂದ ಆಗಾಗ ತೊಳೆಯುವ ನಿಯಮ ಅಲ್ಲಿಯೂ ಅಷ್ಟೇ ಉಪಯುಕ್ತ. ಉತ್ತರ ಅಮೆರಿಕ ಅಥವಾ ಯುರೋಪಿನ ಶೀತ ಪ್ರದೇಶಗಳಿಗೆ ಹೋಗಿ ನೆಲೆಸುವ ಕನ್ನಡಿಗರು ಬಳಸಿದ ಕಾರನ್ನು ಕೊಳ್ಳುವಾಗ ಹೊರಗಿನ ಹೊಳಪನ್ನಷ್ಟೇ ನೋಡದೆ, ಕಾರನ್ನು ಲಿಫ್ಟಿನ ಮೇಲೆ ಏರಿಸಿ ಬ್ರೇಕ್ ಕೊಳವೆ, ಹೊಸ್ತಿಲು ಪಟ್ಟಿ ಹಾಗೂ ಚಾಸಿಯ ಸ್ಥಿತಿಯನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ.